ಸೂಜಿಗೆ ಮುಂಚಿನ ಸೂಜಿ

ಸ್ಕಂದಗಿರಿಯ ಬುಡ. ಕಳವಾರದ ಪಾಪಾಗ್ನಿ ಮಠದ ಪಕ್ಕದಲ್ಲೊಂದು ಬಂಡೆ. ಭಾನುವಾರ, ಬೆಳಗಿನ ಆರು ಗಂಟೆ. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರು ಟಿಕೆಟ್ ತೋರಿಸಿ, ಮಂಜಿನೊಳಗೆ ಒಬ್ಬೊಬ್ಬರಾಗಿ ಕರಗುತ್ತಿದ್ದಾರೆ. ಬಂಡೆಯ ಮೇಲೆ ಕೂತವರು ಇಬ್ಬರೇ. ಒಬ್ಬರು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರ, ವಯಸ್ಸು ಅರವತ್ತೇಳು. ಇನ್ನೊಬ್ಬ ಅವರ ಅಕ್ಕನ ಮಗ, ಬೆಂಗಳೂರಿನ ಆಸ್ಪತ್ರೆಯೊಂದರ ಯುರಾಲಜಿ ವಿಭಾಗದಲ್ಲಿ ಸ್ಟಾಫ್ ನರ್ಸ್.

ಅಳಿಯ: ಆ ತಿರುವಿನ ತನಕ ಹತ್ತೋಣ್ವಾ ಮಾವ?

ಮಾವ: ಹತ್ತೋದೇನೋ ಹತ್ತಬಹುದಪ್ಪ. ನಡುವೆ ನಾಕು ಸಲ ಪಕ್ಕಕ್ಕೆ ಹೋಗ್ಬೇಕಲ್ಲ. ಈ ಮಕ್ಕಳ ಮುಂದೆ ಎಲ್ಲಿ ಮರೆ ಹುಡುಕಲಿ? ಇಲ್ಲೇ ಇರೋಣ. ಪಿನಾಕಿನಿ, ಪಾಲಾರು, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಎಲ್ಲ ಈ ಬೆಟ್ಟಸಾಲಲ್ಲೇ ಹುಟ್ಟೋದು ಅಂತ ಮೇಷ್ಟ್ರು ಬಾಯಿಪಾಠ ಮಾಡಿಸಿದ್ರು. ಹುಟ್ಟಿ ಏನು ಬಂತು, ಹರಿಯೋದಿಲ್ಲ. ನನ್ನದೂ ಈಗ ಅದೇ ಕಥೆ.

ಅಳಿಯ: ರಾತ್ರಿ ಎಷ್ಟು ಸಲ ಎದ್ರಿ?

ಮಾವ: ಐದು. ನಿಮ್ಮಮ್ಮನಿಗೆ ಹೇಳ್ಬೇಡ, ಬೆಳಗ್ಗೆಯಿಂದ ಕಾಫಿ ಕೊಡೋದನ್ನೇ ನಿಲ್ಲಿಸಿಬಿಡ್ತಾಳೆ. ಅದಿರಲಿ, ಮಂಗಳವಾರದ ಪ್ರಾಸ್ಟೇಟ್ ಬಯಾಪ್ಸಿ ವಿಷಯ ಹೇಳು. ನಿಜ ಹೇಳು. ನಿಮ್ಮ ಆಸ್ಪತ್ರೆ ಭಾಷೆ ಬೇಡ. ಹದಿನಾರಾಣೆಗೆ ಎಷ್ಟಾಣೆ ನೋವು?

ಅಳಿಯ: ನಾವು ಹತ್ತಕ್ಕೆ ಎಷ್ಟು ಅಂತ ಕೇಳ್ತೀವಿ. ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡೆಯೋಕಾಗಲ್ಲ.

ಮಾವ: ನಮಗೆ ಆಣೆ ಲೆಕ್ಕವೇ ಸಲೀಸು. ಹಲ್ಲು ಕಿತ್ತಾಗ ಆರಾಣೆ. ಚೇಳು ಕಡಿದಾಗ ಹದಿನಾಕಾಣೆ. ಇದು?

ಅಳಿಯ: ಒಂದೇ ಲೆಕ್ಕ ಹೇಳಕ್ಕೆ ಬರಲ್ಲ ಮಾವ. ಒಂದು ನೋವಲ್ಲ ಅದು, ಮೂರು. ಮೂರಕ್ಕೂ ಬೇರೆ ಬೇರೆ ಮದ್ದು. ಅದು ಗೊತ್ತಿಲ್ಲದೆ ಒಂದಕ್ಕೆ ಮಾತ್ರ ಮದ್ದು ಹಾಕಿ ಕೈ ತೊಳಕೊಳ್ಳೋದೇ ಎಲ್ಲ ಕಡೆ ಆಗೋ ತಪ್ಪು.

ಮಾವ: ನಮ್ಮೂರ ಪಕ್ಕದವರೊಬ್ಬರಿಗೆ ಹನ್ನೆರಡು ವರ್ಷದ ಹಿಂದೆ ಮಾಡಿದ್ರು. ಎಲ್ಲಿ ಅಂತ ಕೇಳ್ಬೇಡ. ಹನ್ನೆರಡು ಸಲ ಚುಚ್ಚಿದ್ರಂತೆ, ಬರೀ ಜೆಲ್ಲಿ ಹಚ್ಚಿ. ನಾಕನೇದಕ್ಕೆ ಕೂಗಿದ್ರಂತೆ. ‘ಗಂಡಸಲ್ವೇನ್ರೀ, ಸ್ವಲ್ಪ ತಡಕೊಳ್ಳಿ’ ಅಂದ್ರಂತೆ. ಆಮೇಲೆ ಮಾತ್ರೆ ತಗೊಳ್ಳೋಕೂ ಆ ಮನುಷ್ಯ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಅವರನ್ನ ನೆನೆಸಿಕೊಂಡೇ ನಾನು ಎರಡು ತಿಂಗಳು ತಳ್ಳಿದ್ದು. ಮೊದಲು ಇದು ಹೇಳು, ಹನ್ನೆರಡು ಯಾಕೆ? ಒಂದು ಸಾಲ್ದಾ?

ಅಳಿಯ: ನೀವೇ ಹೇಳಿ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ನಿಮ್ಮ ಲಾಟನ್ನ ರೀಲರ್ ಹೇಗೆ ನೋಡ್ತಾನೆ?

ಮಾವ: ಜಾಲರಿಯ ಈ ಮೂಲೆಯಿಂದ ಒಂದು ಹಿಡಿ, ಆ ಮೂಲೆಯಿಂದ ಒಂದು ಹಿಡಿ. ಕಿವಿ ಹತ್ರ ಅಲ್ಲಾಡಿಸ್ತಾನೆ. ಒಂದೆರಡು ಕತ್ತರಿಸಿ ಹುಳ ನೋಡ್ತಾನೆ. ಮೇಲೇ ಇರೋ ನಾಕು ಗೂಡು ನೋಡಿ ಕೂಗಿದ್ರೆ ಅವನು ಮುಳುಗಿದ ಹಾಗೇ.

ಅಳಿಯ: ಅಷ್ಟೇ. ಪ್ರಾಸ್ಟೇಟ್ ಅನ್ನೋದು ಅಕ್ರೋಟಿನಷ್ಟು ಗ್ರಂಥಿ, ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನ ತಬ್ಬಿಕೊಂಡು ಕೂತಿರುತ್ತೆ. ಕ್ಯಾನ್ಸರ್ ಇದ್ರೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಇರಬಹುದು. ಒಂದೇ ಕಡೆ ಚುಚ್ಚಿದ್ರೆ ತಪ್ಪಿ ಹೋಗುತ್ತೆ. ಮೊದಲು ಡಾಕ್ಟರು ಬೆರಳಿಟ್ಟು ಅಂದಾಜಿನ ಮೇಲೆ ಚುಚ್ತಿದ್ರು. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಅಲ್ಟ್ರಾಸೌಂಡಲ್ಲಿ ನೋಡ್ತಾ ಲೆಕ್ಕವಾಗಿ ಆರು ಕಡೆ ತೆಗೆಯೋ ಪದ್ಧತಿ ತಂದ್ರು. ಆರು ಸಾಲದು ಅಂತ ಹತ್ತು ಹನ್ನೆರಡಾಯ್ತು. ಸೂಜಿ ತೆಳ್ಳಗಿರುತ್ತೆ. ಅದರ ತುದಿ ಹತ್ರ ಪಕ್ಕಕ್ಕೊಂದು ಹಳ್ಳ. ಸ್ಪ್ರಿಂಗು ಬಿಟ್ಟ ತಕ್ಷಣ ಒಳಗಿನ ಸೂಜಿ ಮುಂದೆ ಹಾರುತ್ತೆ, ಹೊರಗಿನ ಕೊಳವೆ ಅದರ ಹಿಂದೇ ಬಂದು ಹಳ್ಳದಲ್ಲಿ ಸಿಕ್ಕ ಮಾಂಸವನ್ನ ಕತ್ತರಿಸಿ ಮುಚ್ಚಿಕೊಳ್ಳುತ್ತೆ. ಹೊರಗೆ ಬರೋದು ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಶಾವಿಗೆ ಎಳೆ.

ಮಾವ: ಮೂಟೆಗೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡ್ತಾರಲ್ಲ, ಚಿಂತಾಮಣಿ ಮಂಡಿಯಲ್ಲಿ, ಹಾಗೆ.

ಅಳಿಯ: ಹಾಗೇ. ಮೂಟೆಗೆ ನರ ಇಲ್ಲ, ಅಷ್ಟೇ ವ್ಯತ್ಯಾಸ.

ಮಾವ: ತಾಳು, ಬಂದೆ.

(ಬಂಡೆಯ ಹಿಂದಕ್ಕೆ ಹೋಗಿ, ಸ್ವಲ್ಪ ಹೆಚ್ಚೇ ಹೊತ್ತಾದ ಮೇಲೆ ಬರುತ್ತಾರೆ.)

ಮಾವ: ನಿಂತು ನಿಂತು ಕಾಲು ನೋಯುತ್ತೆ, ಬರೋದು ನಾಕು ಹನಿ. ಹೂಂ, ಆ ಮೂರು ನೋವು ಹೇಳು.

ಅಳಿಯ: ಮೊದಲನೇದು, ಅಲ್ಟ್ರಾಸೌಂಡಿನ ಕಡ್ಡಿ ಒಳಗೆ ಹೋಗುವಾಗ. ಅದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಚುಚ್ಚೋದಕ್ಕಿಂತ ಇದೇ ಕಷ್ಟ ಅನ್ನೋರು ತುಂಬ ಜನ. ಅಲ್ಲಿ ನೋಯೋದು ಪ್ರಾಸ್ಟೇಟ್ ಅಲ್ಲ, ಗುದದ ಬಿಗಿ ಸ್ನಾಯು. ಮೂಲವ್ಯಾಧಿ, ಬಿರುಕು ಏನಾದ್ರೂ ಇದ್ರೆ ಮೊದಲೇ ಹೇಳಿಬಿಡಬೇಕು. ಇದಕ್ಕೆ ಜೆಲ್ಲಿ ಕೆಲಸ ಮಾಡುತ್ತೆ, ಆದ್ರೆ ಹಚ್ಚಿದ ಕ್ಷಣಕ್ಕೆ ಅಲ್ಲ. ಹತ್ತು ನಿಮಿಷವಾದ್ರೂ ಬಿಡಬೇಕು. ಎರಡು ಮದ್ದು ಬೆರೆಸಿದ ಕ್ರೀಮು ಇದೆ, ಅದಕ್ಕೆ ಇನ್ನೂ ಹೊತ್ತು ಬೇಕು. ಕಡ್ಡಿ ಒಳಗೆ ಬರುವಾಗ ಉಸಿರು ಬಿಡ್ತಾ, ಎರಡಕ್ಕೆ ಕೂತಾಗ ತಿಣುಕುವ ಹಾಗೆ ಸಣ್ಣಗೆ ತಿಣುಕಬೇಕು. ಸ್ನಾಯು ತಾನೇ ಸಡಿಲ ಆಗುತ್ತೆ.

ಮಾವ: ಬಿಗಿ ಹಿಡಿದಷ್ಟೂ ನೋವು ಅನ್ನು. ಎರಡನೇದು?

ಅಳಿಯ: ಎರಡನೇದು ಮರಗಟ್ಟಿಸೋ ಇಂಜೆಕ್ಷನ್. ನೋವು ಕಳೆಯೋಕೆ ಕೊಡೋ ಸೂಜಿಯೂ ಒಂದು ಸೂಜಿಯೇ. ಮೂರನೇದು ಆ ಹನ್ನೆರಡು ಶಾವಿಗೆ.

ಮಾವ: ಹನ್ನೆರಡು ಸಾಲದು ಅಂತ ಹದಿಮೂರನೇ ಸೂಜಿ. ಇದು ಯಾವ ನ್ಯಾಯ?

ಅಳಿಯ: ಅದೇ ನ್ಯಾಯ ಮಾವ. ಹಲ್ಲಿಗೂ ಹಾಗೇ ಅಲ್ವಾ? ಮೊದಲು ಒಸಡಿಗೊಂದು ಚುಚ್ಚು, ಆಮೇಲೆ ಇಕ್ಕಳ. ನಿಮಗೆ ಆರಾಣೆ ಅನ್ನಿಸಿದ್ದು ಆ ಚುಚ್ಚೇ ಇರಬೇಕು. ಇಲ್ಲೂ ಮದ್ದು ಅದೇ, ಲಿಗ್ನೋಕೇನ್. ಸ್ವೀಡನ್ನಿನವರು 1943ರಲ್ಲಿ ತಯಾರಿಸಿದ್ದು. ಅದನ್ನ ಪ್ರಾಸ್ಟೇಟಿನ ಸುತ್ತ ಕೊಟ್ರೆ ಬಯಾಪ್ಸಿ ಸಲೀಸಾಗುತ್ತೆ ಅಂತ ಮೊದಲು ಬರೆದದ್ದು 1996ರಲ್ಲಿ, ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ. ನಾಲ್ಕು ಜನ ಡಾಕ್ಟರು ಸೇರಿ ಬರೆದ ಲೇಖನ. ಅದರಲ್ಲಿ ಒಬ್ಬರ ಹೆಸರು ಇಂದುಧರ.

ಮಾವ: ಇಂದುಧರ! ನಮ್ಮ ಹೆಸರಲ್ವೇನೋ ಅದು?

ಅಳಿಯ: ಹೆಸರಂತೂ ನಮ್ಮದೇ. ಅದನ್ನ ಓದಿದ ದಿನ ನನಗೂ ಒಂಥರಾ ಖುಷಿ ಆಯ್ತು.

ಮಾವ: 1996. ನಮ್ಮೂರವರಿಗೆ ಚುಚ್ಚಿದ್ದು ಹನ್ನೆರಡು ವರ್ಷದ ಹಿಂದೆ. ಹಾಗಾದ್ರೆ ಮದ್ದು ಗೊತ್ತಿದ್ದೂ ಕೊಡಲಿಲ್ಲ.

ಅಳಿಯ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮಾವ, ಒಂದು ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದು, ಈಗಿರೋ ಕಡೆ ಅಲ್ಲ. ದಿನಕ್ಕೆ ಎಂಟು ಕೇಸು. ಜೆಲ್ಲಿ ಹಚ್ಚೋದು, ಮಲಗಿಸೋದು, ಟಿಕ್ ಟಿಕ್ ಅಂತ ಮುಗಿಸೋದು. ನನ್ನ ಕೆಲಸ ಕಾಲು ಹಿಡಿಯೋದು. ನಿಮ್ಮ ವಯಸ್ಸಿನವರೇ ಒಬ್ಬರು, ಬಾಗೇಪಲ್ಲಿ ಕಡೆಯವರು, ‘ವದ್ದು ನಾಯನಾ, ವದ್ದು’ ಅಂತಿದ್ರು. ಅಲ್ಲಿದ್ದೋರಲ್ಲಿ ತೆಲುಗು ಗೊತ್ತಿದ್ದವನು ನಾನೊಬ್ಬನೇ. ಬೇಡ ಮಗಾ ಅಂತ ಹೇಳ್ತಿದ್ದಾರೆ ಅಂತ ನನಗೆ ಮಾತ್ರ ಅರ್ಥ ಆಗ್ತಿತ್ತು. ಆದ್ರೂ ಕಾಲು ಬಿಡಲಿಲ್ಲ.

ಮಾವ: ಯಾಕೆ ಕೊಡ್ತಿರಲಿಲ್ಲ?

ಅಳಿಯ: ಮದ್ದಿನ ಬೆಲೆ ಏನೂ ಅಲ್ಲ. ಹೊತ್ತು. ಇಂಜೆಕ್ಷನ್ ಕೊಟ್ಟು ಐದು ನಿಮಿಷ ಕಾಯಬೇಕು. ಎಂಟು ಜನಕ್ಕೆ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಉಳಿಸೋಕೆ ಎಂಟು ಜನ ಕಿರುಚಬೇಕಿತ್ತು. ಕಾಲು ಗಂಟೆಯ ಕೆಲಸ, ತಡಕೊಳ್ತಾರೆ ಬಿಡು ಅನ್ನೋ ಮಾತು ಬೇರೆ. ತಡಕೊಳ್ತಾರೆ ನಿಜ. ತಡಕೊಂಡೋರು ಮತ್ತೆ ಬರಲ್ಲ, ಅದನ್ನ ಮಾತ್ರ ಯಾರೂ ಲೆಕ್ಕ ಇಡಲಿಲ್ಲ.

ಮಾವ: ನಾವೂ ಹಾಗೇ ಬೆಳೆದವರಪ್ಪ. ರೀಲಿಂಗ್ ಮಾಡೋರ ಬೆರಳು ನೋಡಿದ್ದೀಯಲ್ಲ, ದಿನವೆಲ್ಲ ಸುಡೋ ನೀರಲ್ಲಿ. ಯಾರಾದ್ರೂ ಅಮ್ಮಾ ಅಂತಾರಾ? ಗಂಡಸು ನೋವು ಅಂದ್ರೆ ನಗ್ತಾರೆ. ಅದೂ ಇಂಥ ಜಾಗದ ನೋವು. ನಿಮ್ಮತ್ತೆಗೂ ನಾನು ಪೂರ್ತಿ ಹೇಳಿಲ್ಲ, ಎಲ್ಲಿಂದ ಚುಚ್ತಾರೆ ಅಂತ.

ಅಳಿಯ: ಅತ್ತೆಗೆ ಗೊತ್ತು. ನಾನು ಹೇಳಿದೆ. ‘ಮೂರು ಹೆತ್ತೋಳು ನಾನು, ಇದಕ್ಕೆ ಅವರು ಇಷ್ಟು ಹೆದರೋದಾ’ ಅಂದ್ರು.

ಮಾವ: ಅಂದೇ ಅಂತಾಳೆ.

(ಇಬ್ಬರೂ ನಗುತ್ತಾರೆ. ಮೇಲಿನ ತಿರುವಿನಿಂದ ಯಾರೋ ಬೆಟ್ಟದ ಕಡೆ ಮುಖ ಮಾಡಿ ಕೂಗುತ್ತಾರೆ. ಕೂಗು ತಿರುಗಿ ಬರುತ್ತದೆ.)

ಅಳಿಯ: ಕೇಳಿದ್ರಾ? ಅಲ್ಟ್ರಾಸೌಂಡ್ ಅಂದ್ರೆ ಇದೇ. ನಮ್ಮ ಕಿವಿಗೆ ಕೇಳದ ಸದ್ದು ಬಿಡೋದು, ತಿರುಗಿ ಬಂದದ್ದರಿಂದ ಚಿತ್ರ ಕಟ್ಟೋದು.

ಮಾವ: ಗೌರಿಬಿದನೂರಲ್ಲಿ ನೆಲಕ್ಕೆ ಕಿವಿ ಇಟ್ಟಿದ್ದಾರಲ್ಲ, ಅಣುಶಕ್ತಿಯವರು, ಹಾಗಾ?

ಅಳಿಯ: 1965ರಿಂದ ಇಟ್ಟಿದ್ದಾರೆ. ಅದು ಎಲ್ಲೋ ನೆಲ ನಡುಗಿದ್ದನ್ನ ಬರೀ ಕೇಳುತ್ತೆ. ಇದು ತಾನೇ ಕೂಗಿ ತಾನೇ ಕೇಳುತ್ತೆ. ಪರದೆ ಮೇಲೆ ಪ್ರಾಸ್ಟೇಟ್ ಬೂದು ಬಣ್ಣ. ಅದರ ಬುಡಕ್ಕೂ ವೀರ್ಯಕೋಶಕ್ಕೂ ನಡುವೆ ಒಂದಿಷ್ಟು ಕೊಬ್ಬು ಇದೆ, ಅದು ಬೆಳ್ಳಗೆ, ಮೂರು ಮೂಲೆಯಾಗಿ, ಹಿಮ ಬಿದ್ದ ಶಿಖರದ ಹಾಗೆ ಕಾಣುತ್ತೆ. ಡಾಕ್ಟರುಗಳು ಅದನ್ನ ಎವರೆಸ್ಟ್ ಗುರುತು ಅಂತಲೇ ಕರೀತಾರೆ. ಪ್ರಾಸ್ಟೇಟಿಗೆ ಹೋಗೋ ನರಗಳ ಕಟ್ಟು ಹಾದು ಹೋಗೋದು ಅಲ್ಲಿಂದಲೇ. ಎಡಕ್ಕೊಂದು ಬಲಕ್ಕೊಂದು, ಆ ಶಿಖರಕ್ಕೆ ಸೂಜಿಯ ತುದಿ ಇಟ್ಟು, ಒಂದೊಂದು ಕಡೆ ಸುಮಾರು ಐದು ಮಿಲಿ ಮದ್ದು ಬಿಡೋದು. ಸರಿಯಾದ ಜಾಗಕ್ಕೆ ಬಿದ್ರೆ ಪರದೆ ಮೇಲೆ ಗುಳ್ಳೆ ಎದ್ದ ಹಾಗೆ ಕಾಣುತ್ತೆ.

ಮಾವ: ನಮ್ಮ ಕಡೆಯವರು ಹೆಸರಿಟ್ಟಿದ್ರೆ ಕಳವಾರ ಬೆಟ್ಟದ ಗುರುತು ಅಂತಿದ್ರು. ಆ ಇಂದುಧರ ಅವರಾದ್ರೂ ಹೇಳಬೇಕಿತ್ತು.

ಅಳಿಯ: ನಮ್ಮ ಬೆಟ್ಟಕ್ಕೆ ಹಿಮ ಎಲ್ಲಿಂದ ತರೋದು? ಮಂಜೇ ಗತಿ.

ಮಾವ: ಆ ಇಂಜೆಕ್ಷನ್ ಎಷ್ಟಾಣೆ?

ಅಳಿಯ: ಅದರಲ್ಲೂ ಒಂದು ಜಾಣತನ ಇದೆ. ಗುದದಿಂದ ಎರಡು ಸೆಂಟಿಮೀಟರ್ ಒಳಗೆ ಒಂದು ಗೆರೆ. ಗೆರೆಯ ಕೆಳಗೆ ಚರ್ಮದ ನರ, ಇರುವೆ ಕಚ್ಚಿದ್ರೂ ಗೊತ್ತಾಗುತ್ತೆ. ಗೆರೆಯ ಮೇಲೆ ಕರುಳಿನ ನರ, ಒತ್ತಿದ್ರೆ ಹಿಗ್ಗಿದ್ರೆ ತಿಳಿಯುತ್ತೆ, ಚುಚ್ಚಿದ್ರೆ ಅಷ್ಟಾಗಿ ತಿಳಿಯಲ್ಲ. ಒಳಮೂಲವ್ಯಾಧಿ ರಕ್ತ ಸುರಿದ್ರೂ ನೋಯಲ್ಲ, ಹೊರಗಿನದು ಕೂರೋಕೇ ಬಿಡಲ್ಲ, ಕೇಳಿರ್ತೀರಿ. ಅದಕ್ಕೆ ಕಾರಣ ಈ ಗೆರೆಯೇ. ಪಳಗಿದ ಡಾಕ್ಟರು ಸೂಜಿಯ ತುದಿ ಸಣ್ಣಗೆ ಮುಟ್ಟಿಸಿ, ‘ಚುರುಕ್ ಅಂತಾ ಇದೆಯಾ’ ಅಂತ ಕೇಳ್ತಾರೆ. ಹೌದು ಅಂದ್ರೆ ಇನ್ನೊಂಚೂರು ಮೇಲೆ ಹೋಗ್ತಾರೆ. ಕೇಳೋದು ಒಂದು ಮಾತು, ಉಳಿಯೋದು ಅರ್ಧ ನೋವು. ಮದ್ದನ್ನ ನಿಧಾನಕ್ಕೆ ಬಿಟ್ರೆ ಉರಿಯೂ ಕಮ್ಮಿ. ನಮ್ಮಲ್ಲಿ ಹಾಗೆ ಮಾಡಿಸಿಕೊಂಡೋರು ಆಮೇಲಿನ ಹನ್ನೆರಡಕ್ಕೆ ‘ಯಾರೋ ಒಳಗಿಂದ ತಟ್ಟಿದ ಹಾಗಿತ್ತು’ ಅಂತಾರೆ. ನಿಮ್ಮ ಲೆಕ್ಕದಲ್ಲಿ ಮೂರಾಣೆ ಅನ್ನಿ. ಸೊನ್ನೆ ಅಂತ ನಾನು ಹೇಳಲ್ಲ.

ಮಾವ: ಜೆಲ್ಲಿ ಒಂದೇ ಸಾಕು ಅಂತಾರಲ್ಲ ಕೆಲವರು?

ಅಳಿಯ: ಗೋಡೆಗೆ ಸುಣ್ಣ ಬಳಿದ್ರೆ ತಳಪಾಯಕ್ಕೆ ಇಳಿಯುತ್ತಾ? ಜೆಲ್ಲಿ ಬಾಗಿಲಿಗೆ, ಇಂಜೆಕ್ಷನ್ ಒಳಮನೆಗೆ. ಎರಡೂ ಬೇಕು. ಯುರೋಪಿನ ಯುರಾಲಜಿ ಸಂಘದ ಮಾರ್ಗಸೂಚಿಯಲ್ಲೂ ಪ್ರಾಸ್ಟೇಟಿನ ಸುತ್ತ ಕೊಡೋ ಇಂಜೆಕ್ಷನ್ನೇ ಮೇಲು, ಒಳಗೆ ತುಂಬಿಸೋ ಜೆಲ್ಲಿ ಅದಕ್ಕೆ ಸಮ ಅಲ್ಲ ಅಂತಿದೆ.

ಮಾವ: ಇಷ್ಟೆಲ್ಲ ಯಾಕೆ, ಪೂರ್ತಿ ಮಲಗಿಸಿಬಿಡಿ. ಕಣ್ಣು ಬಿಟ್ಟಾಗ ಮುಗಿದಿರಲಿ.

ಅಳಿಯ: ಮಾಡಬಹುದು. ತೀರಾ ಹೆದರೋರಿಗೆ, ಬಿರುಕು ಇರೋರಿಗೆ ಮಾಡ್ತಾರೆ. ಆದ್ರೆ ಥಿಯೇಟರು ಬೇಕು, ಅರಿವಳಿಕೆ ಡಾಕ್ಟರು ಬೇಕು, ಉಪವಾಸ ಇರಬೇಕು, ಹೃದಯ ಶ್ವಾಸಕೋಶ ಸರಿಯಿದೆಯಾ ನೋಡಬೇಕು. ಕಾಲು ಗಂಟೆಯ ಕೆಲಸಕ್ಕೆ ನಿಮಗೆ ಅದು ಬೇಕಿಲ್ಲ. ಸೂಜಿಯೇ ಬೇಡದಿದ್ರೆ ಅದಕ್ಕಿಂತ ಒಳ್ಳೇದು ಇನ್ನೇನಿದೆ? ಅದನ್ನೂ ನೋಡಿ ಆಯ್ತು. ನಿಮಗೆ ಮೂತ್ರ ಕಟ್ಟಿ ಪೈಪು ಹಾಕಿದ ಮಾರನೇ ದಿನವೇ ಪಿಎಸ್‌ಎ, ಅಂದ್ರೆ ಪ್ರಾಸ್ಟೇಟಿನ ರಕ್ತಪರೀಕ್ಷೆ, ಮಾಡಿ 14 ಅಂತ ಬರೆದುಕೊಟ್ಟಿದ್ರು. ಪೈಪು ಹಾಕಿದ್ರೂ ಅದು ಏರುತ್ತೆ, ಸೋಂಕಾದ್ರೂ ಏರುತ್ತೆ, ಗ್ರಂಥಿ ಬರೀ ದಪ್ಪಗಾದ್ರೂ ಏರುತ್ತೆ. ಆರು ವಾರ ಬಿಟ್ಟು ಮಾಡಿಸಿದಾಗ 9. ಇಳೀತು, ಆದ್ರೆ ಸಾಮಾನ್ಯ ಅನ್ನೋ 4ರ ಕೆಳಗೆ ಬರಲಿಲ್ಲ. ಅದಕ್ಕೇ ಎಂಆರ್‌ಐ ಮಾಡಿಸಿದ್ದು. ಬ್ರಿಟನ್ನಿನಲ್ಲಿ 576 ಗಂಡಸರ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಮೊದಲು ಎಂಆರ್‌ಐ ಮಾಡಿದ್ರೆ ನಾಲ್ವರಲ್ಲಿ ಒಬ್ಬರಿಗೆ ಬಯಾಪ್ಸಿಯನ್ನೇ ತಪ್ಪಿಸಬಹುದು ಅಂತ.

ಮಾವ: ನನ್ನನ್ನ ಉಳಿದ ಮೂವರಲ್ಲಿ ಸೇರಿಸಿದ್ರು.

ಅಳಿಯ: ಎಂಆರ್‌ಐನಲ್ಲಿ ಬಲಗಡೆ ಒಂದು ಮಚ್ಚೆ ಕಂಡಿದೆ. ಏನೂಂತ ನೋಡದೆ ಬಿಡೋಕಾಗಲ್ಲ ಮಾವ. ಈಗ ಎಲ್ಲಿ ನೋಡಬೇಕು ಅಂತಾದ್ರೂ ಗೊತ್ತಿದೆ. ಕತ್ತಲಲ್ಲಿ ಹುಡುಕೋ ಹಾಗಿಲ್ಲ.

ಮಾವ: ಇನ್ನೊಂದು ದಾರಿ ಇದೆಯಂತೆ? ಮುಂದಿನಿಂದ ಚುಚ್ಚೋದು.

ಅಳಿಯ: ಮುಂದಿನಿಂದಲ್ಲ, ನಡುವಿನಿಂದ. ಬೀಜಕ್ಕೂ ಗುದಕ್ಕೂ ಮಧ್ಯದ ಚರ್ಮ. ಸೂಜಿ ಕರುಳು ಹಾದು ಹೋಗಲ್ಲ, ಅದರಿಂದ ಸೋಂಕು ಕಮ್ಮಿ. ಹೊಸದಾಗಿ ಹಲವರು ಆ ಕಡೆ ಹೊರಳ್ತಿದ್ದಾರೆ. ನೋವಿನ ವಿಷಯದಲ್ಲಿ ಮಾತ್ರ ಅದು ಸುಖದ ದಾರಿ ಅಲ್ಲ. 2025ರಲ್ಲಿ ಬಂದ ಬ್ರಿಟನ್ನಿನ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಈ ದಾರಿಯಲ್ಲಿ ಕ್ಯಾನ್ಸರ್ ಸ್ವಲ್ಪ ಹೆಚ್ಚೇ ಪತ್ತೆಯಾಯ್ತು, ಮಾಡುವಾಗ ನೋವು ಅಂದೋರೂ ಸ್ವಲ್ಪ ಹೆಚ್ಚೇ ಇದ್ರು. ಅಲ್ಲಿ ಚರ್ಮವನ್ನ ಬೇರೆ ಮರಗಟ್ಟಿಸಬೇಕು, ಇನ್ನೂ ತಾಳ್ಮೆ ಬೇಕು. ನಿಮಗೆ ಯಾವುದು ಅಂತ ಡಾಕ್ಟರು ಸೋಮವಾರ ಹೇಳ್ತಾರೆ.

ಮಾವ: ಆ ಟಿಕ್ ಅನ್ನೋ ಸದ್ದು. ನಮ್ಮೂರವರು ಅದನ್ನೇ ಹೇಳ್ತಿದ್ರು. ನೋವಿಗಿಂತ ಸದ್ದಿಗೇ ಎದೆ ಹಾರ್ತಿತ್ತಂತೆ.

ಅಳಿಯ: ಈಗ ನಾವು ಮೊದಲೇ ಒಂದು ಸಲ ಗಾಳಿಯಲ್ಲಿ ಬಿಟ್ಟು ಕೇಳಿಸ್ತೀವಿ. ಗೊತ್ತಿರೋ ಸದ್ದಿಗೆ ಮೈ ಅಷ್ಟು ಬೆಚ್ಚಲ್ಲ. ಎಡ ಮಗ್ಗುಲಿಗೆ ಮಲಗಿ, ಮಂಡಿ ಎದೆಗೆ ಎಳಕೊಂಡಿರ್ತೀರಿ. ಬೆನ್ನ ಹಿಂದೆ ಏನಾಗ್ತಿದೆ ಅಂತ ಕಾಣಲ್ಲ. ಅದಕ್ಕೇ ಒಬ್ಬರು ಮುಖದ ಕಡೆ ನಿಂತು ಹೇಳ್ತಾ ಇರಬೇಕು: ಈಗ ತಣ್ಣಗಾಗುತ್ತೆ, ಈಗ ಒತ್ತುತ್ತೆ, ಈಗ ಸದ್ದು. ರೋಗಿಗೆ ಬರೋ ಭಾಷೆಯಲ್ಲಿ ಹೇಳಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಬಾಖ್ ಸಂಗೀತ ಕೇಳಿಸಿ ನೋಡಿದ್ದಾರೆ.

ಮಾವ: ನನಗೆ ಕೈವಾರ ತಾತಯ್ಯನ ತತ್ವಪದ ಹಾಕು. ತೆಲುಗಾಗಲಿ ಕನ್ನಡವಾಗಲಿ. ಆದ್ರೆ ಹೆಡ್‌ಫೋನ್ ಬೇಡ, ನೀನು ಹೇಳೋದು ಕೇಳಿಸಬೇಕು.

ಅಳಿಯ: ಫೋನಲ್ಲಿ ಮೆಲ್ಲಗೆ ಹಾಕ್ತೀನಿ. ಈಗ ಒಂದು ಗಟ್ಟಿ ಮಾತು. ಹೃದಯಕ್ಕೆ ಅಂತ ನುಂಗ್ತೀರಲ್ಲ, ರಕ್ತ ತೆಳು ಮಾಡೋ ಮಾತ್ರೆ, ಅದನ್ನ ಡಾಕ್ಟರಿಗೆ ತೋರಿಸಿ. ನೀವಾಗೇ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ಆಮೇಲೆ ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ರಕ್ತ ಕಾಣಬಹುದು, ಗಾಬರಿ ಬೇಡ. ಚಳಿ ಜ್ವರ ಬಂದ್ರೆ ಮಾತ್ರ ಬೆಳಗಾಗಲಿ ಅಂತ ಕಾಯಬಾರದು. ರಾತ್ರಿ ಎರಡಾದ್ರೂ ಹೊರಡಬೇಕು.

ಮಾವ: ಅದೆಲ್ಲ ಸರಿ. ನೀನಿದ್ದೀಯ, ನನಗೆ ಆಯ್ತು. ನೀನು ಇಲ್ಲದ ಕಡೆ ನಮ್ಮಂಥೋರು ಡಾಕ್ಟರ ಮುಂದೆ ನಿಂತು ‘ಆ ಇಂಜೆಕ್ಷನ್ ಕೊಡ್ತೀರಾ’ ಅಂತ ಕೇಳೋದು ಹೇಗೆ? ಬಾಯೇ ಬರಲ್ಲ. ಚೀಟಿ ಕೈಗೆ ಬಂತು ಅಂದ್ರೆ ನಮಸ್ಕಾರ ಹೇಳಿ ಎದ್ದು ಬರೋದೇ.

ಅಳಿಯ: ಹರಾಜಲ್ಲಿ ಒಂದು ರೂಪಾಯಿಗೆ ಜಗಳಕ್ಕೆ ನಿಲ್ತೀರಿ.

ಮಾವ: ಅದು ಗೂಡು. ಇದು ಮೈ. ಮೈ ವಿಷಯದಲ್ಲಿ ನಾಲಿಗೆ ಏಳಲ್ಲ.

ಅಳಿಯ: ಏಳಬೇಕು ಮಾವ. ಎರಡೇ ಪ್ರಶ್ನೆ ಸಾಕು. ‘ಸ್ವಾಮಿ, ಸುತ್ತ ಮರಗಟ್ಟಿಸ್ತೀರಾ?’ ಒಂದು. ‘ಕೊಟ್ಟ ಮೇಲೆ ಐದು ನಿಮಿಷ ಬಿಡ್ತೀರಾ?’ ಎರಡು. ಇಲ್ಲ ಅಂದ್ರೆ ಎದ್ದು ಬರಬಹುದು. ಎಂಆರ್‌ಐ ಚೀಟಿ ಹಿಡಿದು ಇನ್ನೊಂದು ಕಡೆ ಹೋಗೋಕೆ ಎಂಟು ದಿನ ತಡವಾದ್ರೆ ಪ್ರಾಸ್ಟೇಟಿನ ವಿಷಯದಲ್ಲಿ ಸಾಮಾನ್ಯವಾಗಿ ಏನೂ ಮುಳುಗಿಹೋಗಲ್ಲ. ಮದ್ದೇ ಕೊಡದೆ ಹನ್ನೆರಡು ಸಲ ಚುಚ್ಚೋದಕ್ಕೆ ಈಗ ಯಾವ ನೆಪವೂ ಉಳಿದಿಲ್ಲ. ಕಾಲು ಹಿಡಿದವನು ಹೇಳ್ತಿದ್ದೀನಿ.

ಮಾವ: ಆ ಬಾಗೇಪಲ್ಲಿಯವರು ಏನಾದ್ರು?

ಅಳಿಯ: ರಿಪೋರ್ಟು ಬಂತು. ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

(ಮಂಜು ಸರಿದು ನಂದಿಬೆಟ್ಟದ ನೆತ್ತಿ ಕಾಣುತ್ತದೆ. ಮಾವ ಎದ್ದು ಪಂಚೆ ಕೊಡವಿಕೊಂಡು ಮತ್ತೆ ಬಂಡೆಯ ಹಿಂದೆ ಹೋಗಿ ಬರುತ್ತಾರೆ.)

ಮಾವ: ಮಂಗಳವಾರ ಎಷ್ಟು ಗಂಟೆಗೆ?

ಅಳಿಯ: ಹತ್ತಕ್ಕೆ ಕರೀತಾರೆ. ನೀವು ಒಂಬತ್ತಕ್ಕೇ ಬನ್ನಿ. ಜೆಲ್ಲಿ ಹಚ್ಚಿ ಕಾಯಬೇಕಲ್ಲ.